ತನ್ನ ತಪ್ಪು ತಾನೇ ಹಿಡಿಯುವ ನಂಬರು

ಮಕ್ಕಳೇ, ಅಳವಂಡಿಯಿಂದ ಕೊಪ್ಪಳಕ್ಕೆ ಬಂದು ಹೆದ್ದಾರಿ ಹಿಡಿದಾಗ ಬಸ್ಸಿನ ಕಿಟಕಿಯಿಂದ ಲಾರಿಗಳನ್ನು ಗಮನಿಸಿ. ಕೆಲವು ಲಾರಿಗಳ ಮೇಲೆ ಉದ್ದನೆಯ ಉಕ್ಕಿನ ಪೆಟ್ಟಿಗೆ ಕೂತಿರುತ್ತದೆ. ಅದೇ ಕಂಟೇನರ್. ನಮ್ಮ ಜಿಲ್ಲೆಯಿಂದಲೂ ಹೊರದೇಶಕ್ಕೆ ಸರಕು ಹೋಗುತ್ತದೆ: ಕುಷ್ಟಗಿ ಕಡೆಯ ಗ್ರಾನೈಟ್, ಭಾಗ್ಯನಗರದಲ್ಲಿ ಹದ ಮಾಡಿದ ತಲೆಗೂದಲು. ಒಂದೇ ಹಡಗಿನಲ್ಲಿ ಸಾವಿರಾರು ಕಂಟೇನರ್ ಇದ್ದರೆ ಯಾವುದು ಯಾರದು ಎಂದು ಗೊತ್ತಾಗುವುದು ಹೇಗೆ?

ಬಾಗಿಲ ಮೇಲೆ ಬರೆದ ನಂಬರಿನಿಂದ. ಉದಾಹರಣೆಗೆ, ಸಿಎಸ್‌ಕ್ಯೂಯು 305438 3. ಮೊದಲ ಮೂರು ಇಂಗ್ಲಿಷ್ ಅಕ್ಷರಗಳು ಮಾಲೀಕರ ಗುರುತು. ಇದನ್ನು ಪ್ಯಾರಿಸ್‌ನಲ್ಲಿ 1933ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕಂಟೇನರ್ ಬ್ಯೂರೋದಲ್ಲಿ ನೋಂದಾಯಿಸಬೇಕು. ನಾಲ್ಕನೆಯ ‘ಯು’ ಎಂದರೆ ಇದು ಸರಕಿನ ಕಂಟೇನರ್ ಎಂದರ್ಥ. ಆಮೇಲಿನ ಆರು ಅಂಕಿ ಆ ಪೆಟ್ಟಿಗೆಯ ಸ್ವಂತ ನಂಬರು.

ಹಾಗಾದರೆ ಕೊನೆಯ 3 ಯಾಕೆ? ಅದು ಕಾವಲು ಅಂಕಿ. ಲೆಕ್ಕ ಹೀಗಿದೆ: ಎ ಅಕ್ಷರಕ್ಕೆ 10, ಬಿಗೆ 12. ಮುಂದೆ ಒಂದೊಂದೇ ಏರಿಸುತ್ತ, 22 ಮತ್ತು 33 ಬಿಟ್ಟು, ಝಡ್‌ಗೆ 38. ಹಾಗಾಗಿ ಸಿ 13, ಎಸ್ 30, ಕ್ಯೂ 28, ಯು 32. ಈಗ ಎಡದಿಂದ ಶುರುಮಾಡಿ ಮೊದಲನೆಯದನ್ನು 1ರಿಂದ, ಎರಡನೆಯದನ್ನು 2ರಿಂದ, ಆಮೇಲೆ 4, 8, 16 ಹೀಗೆ ಇಮ್ಮಡಿ ಮಾಡುತ್ತ 512ರವರೆಗೆ ಗುಣಿಸಿ, ಎಲ್ಲ ಕೂಡಿಸಿ. ಮೊತ್ತ 6185. ಅದನ್ನು 11ರಿಂದ ಭಾಗಿಸಿದರೆ ಶೇಷ 3. ಸರಿಹೋಯಿತಲ್ಲ! ಶೇಷ 10 ಬಂದರೆ 0 ಎಂದು ಬರೆಯುತ್ತಾರೆ.

ಅವಸರದಲ್ಲಿ ಯಾರೋ 305438 ಬದಲು 304538 ಎಂದು ಟೈಪ್ ಮಾಡಿದರು ಅನ್ನಿ. ಬರೀ ಕೂಡಿಸಿದ್ದರೆ ಮೊತ್ತ ಬದಲಾಗುತ್ತಿರಲಿಲ್ಲ, ತಪ್ಪು ಸಿಗುತ್ತಿರಲಿಲ್ಲ. ಆದರೆ ಪ್ರತಿ ಜಾಗಕ್ಕೂ ಬೇರೆ ಬೇರೆ ಗುಣಕ ಇರುವುದರಿಂದ ಮೊತ್ತ 6249 ಆಗುತ್ತದೆ, ಶೇಷ 1. ಕೊನೆಯ ಅಂಕಿ 3ಕ್ಕೆ ಹೊಂದುವುದಿಲ್ಲ. ಕಂಪ್ಯೂಟರ್ ಕೂಡಲೇ ತಡೆಯುತ್ತದೆ.

ನಂಬರು ಪೆಟ್ಟಿಗೆ ಯಾವುದೆಂದು ಹೇಳುತ್ತದೆ, ಈಗ ಎಲ್ಲಿದೆ ಎಂದಲ್ಲ. ಅದಕ್ಕೆ ಬಂದರಿನ ಗೇಟಿನಲ್ಲಿ, ಹಡಗಿಗೆ ಏರಿಸುವಾಗ, ಇಳಿಸುವಾಗ ನಂಬರು ಓದಿ ಹೊತ್ತು, ಜಾಗ ದಾಖಲಿಸುತ್ತಾರೆ. ನಮ್ಮ ದೇಶದಲ್ಲಿ 2016ರಲ್ಲಿ ಮುಂಬೈ ಬಳಿಯ ಜವಾಹರಲಾಲ್ ನೆಹರು ಬಂದರಿನಿಂದ ಇನ್ನೊಂದು ಏರ್ಪಾಡು ಶುರುವಾಯಿತು: ಕಂಟೇನರಿಗೆ ಪುಟ್ಟ ರೇಡಿಯೋ ಟ್ಯಾಗ್ ಅಂಟಿಸುವುದು. ಕಾರಿನ ಗಾಜಿನ ಮೇಲಿನ ಫಾಸ್ಟ್ಯಾಗ್ ಥರವೇ ಇದಕ್ಕೂ ಬ್ಯಾಟರಿ ಇಲ್ಲ. ಟೋಲ್ ನಾಕಾದ ಯಂತ್ರ ಬಿಡುವ ರೇಡಿಯೋ ಅಲೆಗಳ ಶಕ್ತಿಯಿಂದಲೇ ಚಿಪ್ ಎಚ್ಚೆತ್ತು ತನ್ನ ಗುರುತು ಹೇಳುತ್ತದೆ. ಆ ಟ್ಯಾಗ್ ಯಾವ ಕಂಟೇನರಿನದು ಎಂಬುದು ಕಂಪ್ಯೂಟರಿಗೆ ಮೊದಲೇ ಗೊತ್ತಿರುತ್ತದೆ.

ಮುಂದಿನ ಸಲ ಕಂಟೇನರ್ ಕಂಡರೆ ಪೂರ್ತಿ ನಂಬರು ಬರೆದುಕೊಳ್ಳಿ. ಕೊನೆಯ ಅಂಕಿ ಮುಚ್ಚಿ ಗೆಳೆಯರಿಗೆ ಕೊಡಿ. ಲೆಕ್ಕ ಹಾಕಿ ಅದನ್ನು ಹೇಳಲಿ ನೋಡೋಣ. ಉತ್ತರ ಹೊಂದದಿದ್ದರೆ ಲೆಕ್ಕ ತಪ್ಪಿರಬೇಕು, ಇಲ್ಲವೇ ಓಡುವ ಬಸ್ಸಿನಲ್ಲಿ ನೀವೇ ಒಂದು ಅಂಕಿ ತಪ್ಪು ಓದಿರಬೇಕು!