ನೊಂದವರ ಬಳಿ ಕುಳಿತುಕೊಳ್ಳುವ ವಿದ್ಯೆ

(ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ, ಚಿಕಿತ್ಸಾ ಮನಶ್ಶಾಸ್ತ್ರದಲ್ಲಿ ಪದವಿ ಪಡೆದು ಸಂಶೋಧನೆಯಲ್ಲಿ ತೊಡಗಿರುವ ಯುವಕ ಯುವತಿಯರೊಡನೆ ನಡೆದ ವಿಚಾರಗೋಷ್ಠಿಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವವೆಂದರೆ ಬಲಿಪೂಜೆ, ಮೆರವಣಿಗೆ, ದೀಪಾಲಂಕಾರ, ಭೋಜನ ಎಂದು ಭಾವಿಸಿದ್ದ ಕೆಲವರು, ಇವುಗಳ ನಡುವೆ ಮನಶ್ಶಾಸ್ತ್ರದ ಗೋಷ್ಠಿಯೇಕೆ ಎಂದು ನಮ್ಮನ್ನು ಕೇಳಿದುದುಂಟು. ಅದಕ್ಕೆ ಉತ್ತರವು ನಮಗೆ ದೇವಾಲಯದ ಬೀರುವಿನಲ್ಲಿಯೇ ದೊರೆಯಿತು. ಸ್ಮರಣ ಸಂಚಿಕೆಯ ಸಲುವಾಗಿ ಹಳೆಯ ದಫ್ತರಗಳನ್ನು ತಿರುವಿ ಹಾಕುತ್ತಿದ್ದಾಗ, ಮರಣದ ದಫ್ತರದ ಒಂದು ಪುಟದಲ್ಲಿ ಒಂದೇ ಮನೆಯ ಮೂವರು ಮಕ್ಕಳ ಹೆಸರುಗಳನ್ನು ಒಂದೇ ತಿಂಗಳಲ್ಲಿ ಬರೆದಿರುವುದನ್ನು ಕಂಡೆವು. ಹೆಸರು, ವಯಸ್ಸು, ಕಾಯಿಲೆ, ಸಮಾಧಿ ಮಾಡಿದ ದಿನ. ಇಷ್ಟನ್ನು ಬರೆದು ಅಂದಿನ ಗುರುಗಳು ಸಹಿ ಮಾಡಿದ್ದಾರೆ. ಆ ಮಕ್ಕಳ ತಾಯಿ ಅನಂತರ ಹೇಗೆ ಬಾಳಿದಳು, ಅವಳಿಗೆ ನಿದ್ರೆ ಬರುತ್ತಿತ್ತೇ, ಅವಳನ್ನು ಯಾರು ಕೈಹಿಡಿದು ನಡೆಸಿದರು ಎಂಬುದಕ್ಕೆ ದಫ್ತರದಲ್ಲಿ ಅಂಕಣವಿಲ್ಲ. ಆ ಇಲ್ಲದ ಅಂಕಣವನ್ನು ತುಂಬಲು ಹೊರಟಿರುವವರೇ ಇಂದು ನಮ್ಮೆದುರಿಗೆ ಕುಳಿತಿರುವ ಪದವೀಧರರು. ಆಘಾತ, ಚೇತರಿಕೆಯ ಶಕ್ತಿ, ಬಾಳಿನ ಅರ್ಥ ಎಂಬ ಮೂರು ಅವರ ಸಂಶೋಧನೆಯ ವಿಷಯಗಳು. ನಾವು ಆ ಶಾಸ್ತ್ರದಲ್ಲಿ ಪಂಡಿತರಲ್ಲ; ನೊಂದವರ ಮನೆಗಳಿಗೆ ಹೋಗಿಬಂದ ಒಬ್ಬ ಸೇವಕನ ನೆಲೆಯಿಂದ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ.

ಮೊದಲು ಆಘಾತದ ವಿಷಯ. ಮನಸ್ಸಿಗೂ ಗಾಯವಾಗುತ್ತದೆಂಬುದನ್ನು ಲೋಕವು ಬಹುಕಾಲ ಒಪ್ಪಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಗುಂಡುಗಳ ಸದ್ದಿಗೆ ನಡುಗಿ ಮಾತು ಕಳೆದುಕೊಂಡ ಸೈನಿಕರನ್ನು ಹೇಡಿಗಳೆಂದು ಹಳಿದವರಿದ್ದರು. ವಿಯೆಟ್ನಾಂ ಯುದ್ಧದಿಂದ ಮರಳಿದವರ ಬವಣೆಯನ್ನು ಕಂಡ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗನಿರ್ಣಯ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಆಘಾತೋತ್ತರ ಮನೋವ್ಯಾಧಿಗೆ ಒಂದು ಹೆಸರನ್ನೂ ಸ್ಥಾನವನ್ನೂ ಕೊಟ್ಟಿತು. ನಡೆದುಹೋದ ಘಟನೆಯು ಹಗಲಿನಲ್ಲಿ ನೆನಪಾಗಿಯೂ ಇರುಳಿನಲ್ಲಿ ದುಃಸ್ವಪ್ನವಾಗಿಯೂ ಮರಳಿ ಬರುವುದು, ಅದನ್ನು ನೆನಪಿಸುವ ಸ್ಥಳಕ್ಕೂ ಮಾತಿಗೂ ಅಂಜುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು ಇದರ ಲಕ್ಷಣಗಳು. ಇದು ದೌರ್ಬಲ್ಯವಲ್ಲ, ನಂಬಿಕೆಯ ಕೊರತೆಯೂ ಅಲ್ಲ. ಕಾಲು ಮುರಿದವನಿಗೆ 'ನಿನ್ನ ವಿಶ್ವಾಸ ಸಾಲದು' ಎಂದು ನಾವು ಹೇಳುವುದಿಲ್ಲವಷ್ಟೆ?

ಈ ಅರಿವು ನಮ್ಮ ನಾಡಿಗೆ ಪರಕೀಯವಾದುದೇನಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಎಂಬ ಹೆಸರನ್ನು ಪಡೆಯಿತು. 1981ರ ಫೆಬ್ರವರಿ 7ರಂದು ಬೆಂಗಳೂರಿನ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಬಹುಪಾಲು ಮಕ್ಕಳು. ಸತ್ತವರ ಬಂಧುಗಳ ಶೋಕವನ್ನು ಆ ಸಂಸ್ಥೆಯ ತಜ್ಞರು ಅಧ್ಯಯನ ಮಾಡಿದರು. 1984ರ ಡಿಸೆಂಬರ್ 2 ಮತ್ತು 3ರ ನಡುವಣ ಇರುಳಿನಲ್ಲಿ ಭೋಪಾಲದಲ್ಲಿ ವಿಷಾನಿಲ ಹರಡಿ ಸಾವಿರಾರು ಜೀವಗಳು ಹೋದ ಮೇಲೆ, ಬದುಕಿ ಉಳಿದವರ ಕಣ್ಣು ಮತ್ತು ಶ್ವಾಸಕೋಶಗಳಿಗೆ ಮಾತ್ರವಲ್ಲದೆ ಮನಸ್ಸಿಗೂ ಚಿಕಿತ್ಸೆ ಬೇಕೆಂಬುದು ಕಂಡುಬಂದಿತು. ಬೆಂಗಳೂರಿನ ತಜ್ಞರು ಅಲ್ಲಿಗೆ ಹೋಗಿ ಸಾಮಾನ್ಯ ವೈದ್ಯಾಧಿಕಾರಿಗಳಿಗೇ ಈ ಆರೈಕೆಯ ತರಬೇತಿಯನ್ನಿತ್ತರು. 2004ರ ಸುನಾಮಿಯ ತರುವಾಯ ಊರೂರಿನ ಕಾರ್ಯಕರ್ತರಿಗೂ ಅಂತಹ ಶಿಕ್ಷಣ ದೊರೆಯಿತು. ಪಕ್ಕದಲ್ಲಿ ಕುಳಿತು ಕೇಳುವ ಕೆಲಸವನ್ನು ಸಾಮಾನ್ಯರೂ ಕಲಿಯಬಹುದೆಂಬುದೇ ಇದರಿಂದ ನಾವು ಕಲಿಯುವ ಪಾಠ.

ಇನ್ನು ಚೇತರಿಕೆಯ ಶಕ್ತಿ. ಬಿದ್ದವನು ಏಳುವುದು ಅವನ ಮನೋಬಲದಿಂದ ಮಾತ್ರ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಹವಾಯಿ ದ್ವೀಪಸಮೂಹದ ಕವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ವಿದುಷಿಯೂ ಅವರ ಸಂಗಡಿಗರೂ ನಾಲ್ವತ್ತು ವರ್ಷ ವಯಸ್ಸಿನವರೆಗೆ ಗಮನಿಸುತ್ತ ಬಂದರು. ಅವರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಕ್ಕಳು ಬಡತನ, ಮನೆಯ ಜಗಳ, ತಂದೆ ತಾಯಿಯರ ಕುಡಿತ ಅಥವಾ ಮನೋರೋಗ ಮೊದಲಾದ ಹಲವು ಕಷ್ಟಗಳ ನಡುವೆ ಬೆಳೆದವರು. ಆ ಕಷ್ಟದ ಮಕ್ಕಳಲ್ಲಿಯೂ ಮೂರರಲ್ಲೊಬ್ಬರು ಸಮರ್ಥರಾಗಿ, ಇತರರ ಬಗ್ಗೆ ಅಕ್ಕರೆಯುಳ್ಳವರಾಗಿ ಬೆಳೆದರು. ಅದಕ್ಕೆ ಅವರ ಸ್ವಭಾವವೂ ಕಾರಣವಾಗಿತ್ತು. ಆದರೆ ಅಜ್ಜಿಯೋ, ಅಕ್ಕನೋ, ಶಾಲೆಯ ಉಪಾಧ್ಯಾಯರೋ, ನೆರೆಯವರೋ, ಅಂತೂ ಅವರನ್ನು ನೆಚ್ಚಿ ಜೊತೆಗೆ ನಿಂತ ಒಬ್ಬ ಹಿರಿಯರು ಅವರ ಬಾಳಿನಲ್ಲಿದ್ದರೆಂಬುದು ಮತ್ತೆ ಮತ್ತೆ ಕಂಡುಬಂದಿತು. ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲಿ ಅನೇಕರು ಮೂವತ್ತು ದಾಟುವ ವೇಳೆಗೆ ಸುಧಾರಿಸಿಕೊಂಡುದನ್ನೂ ಅವರು ಕಂಡರು. ಆದುದರಿಂದ ಇನ್ನೂ ಏಳಲಾರದವನನ್ನು ಬಲಹೀನನೆಂದು ದೂರುವ ಮುನ್ನ, ಅವನ ಪಕ್ಕದಲ್ಲಿ ನಾವಿದ್ದೆವೇ ಎಂದು ಕೇಳಿಕೊಳ್ಳಬೇಕಾಗಿದೆ.

ಮೂರನೆಯದು ಬಾಳಿನ ಅರ್ಥ. ಈ ಮಾತನ್ನೆತ್ತಿದ ಕೂಡಲೇ ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ನೆನಪಾಗುತ್ತಾರೆ. 1905ರಲ್ಲಿ ಯೆಹೂದ್ಯ ಮನೆತನದಲ್ಲಿ ಜನಿಸಿದ ಅವರನ್ನು ನಾಜಿಗಳು 1942ರಲ್ಲಿ ಸೆರೆಶಿಬಿರಕ್ಕೆ ಒಯ್ದರು. ಆಶ್‌ವಿಟ್ಸ್ ಸೇರಿ ನಾಲ್ಕು ಶಿಬಿರಗಳನ್ನು ಕಂಡು 1945ರಲ್ಲಿ ಬಿಡುಗಡೆಯಾಗುವ ವೇಳೆಗೆ ತಂದೆ, ತಾಯಿ, ಸೋದರ, ಪತ್ನಿ ಎಲ್ಲರನ್ನೂ ಅವರು ಕಳೆದುಕೊಂಡಿದ್ದರು. ಆ ಅನುಭವದ ಗ್ರಂಥವು 1946ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ತಮ್ಮ ಚಿಕಿತ್ಸಾ ಪದ್ಧತಿಯನ್ನು ಅವರು ಲೋಗೋಥೆರಪಿ ಎಂದು ಕರೆದರು. ಸೆಮಿನರಿಯಲ್ಲಿ ಗ್ರೀಕ್ ಕಲಿತ ನಮಗೆ 'ಲೋಗೋಸ್' ಎಂದರೆ ಸಂತ ಯೊವಾನ್ನರ ಶುಭಸಂದೇಶದ ದಿವ್ಯವಾಣಿಯೇ ನೆನಪಿಗೆ ಬರುತ್ತದೆ. ಫ್ರಾಂಕ್ಲ್ ಅದನ್ನು ಅರ್ಥ ಎಂಬ ಭಾವದಲ್ಲಿ ಬಳಸಿದರು. ಮಾಡುವ ಕೆಲಸದಲ್ಲಿ, ತೋರುವ ಪ್ರೀತಿಯಲ್ಲಿ, ತಪ್ಪಿಸಲಾಗದ ಕಷ್ಟವನ್ನು ಎದುರಿಸುವ ಬಗೆಯಲ್ಲಿ ಮಾನವನು ಅರ್ಥವನ್ನು ಕಾಣಬಲ್ಲನೆಂಬುದು ಅವರ ಸಿದ್ಧಾಂತ. ಇಲ್ಲಿ 'ತಪ್ಪಿಸಲಾಗದ' ಎಂಬ ಮಾತನ್ನು ಗಮನಿಸಬೇಕು. ತಪ್ಪಿಸಬಹುದಾದ ಕಷ್ಟವನ್ನು ಮೊದಲು ತಪ್ಪಿಸಬೇಕೆಂದೇ ಅವರು ಹೇಳಿದರು. ಕುಡುಕ ಗಂಡನ ಹೊಡೆತವನ್ನು ಶಿಲುಬೆಯೆಂದು ಹೊತ್ತುಕೋ ಎಂದು ಹೆಣ್ಣುಮಗಳಿಗೆ ಬುದ್ಧಿ ಹೇಳುವವರು ಇದನ್ನು ಮನನ ಮಾಡಬೇಕು.

ಈಗ ನಮ್ಮ ತಪ್ಪೊಂದನ್ನು ತಮ್ಮೆದುರು ನಿವೇದಿಸಿಕೊಳ್ಳುತ್ತೇವೆ. ಹಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಕೆರೆಯಲ್ಲಿ ಮುಳುಗಿ ಸತ್ತ ಬಾಲಕನೊಬ್ಬನ ಶವಸಂಸ್ಕಾರವನ್ನು ನಡೆಸಿದೆವು. ತಾಯಿಯ ಗೋಳನ್ನು ಕಂಡು ಏನಾದರೂ ಹೇಳಲೇಬೇಕೆನಿಸಿ, 'ಇದು ದೇವರ ಚಿತ್ತ, ತಾಯಿ; ಇದರಲ್ಲಿಯೂ ಒಂದು ಅರ್ಥವಿದೆ' ಎಂದೆವು. ಆಕೆ ಮರುವಾರದಿಂದ ದೇವಾಲಯಕ್ಕೆ ಬರಲಿಲ್ಲ. ವರ್ಷ ಕಳೆದ ಮೇಲೆ ದಾರಿಯಲ್ಲಿ ಸಿಕ್ಕಾಗ ಕಾರಣ ಕೇಳಿದೆವು. 'ಸ್ವಾಮಿ, ನನ್ನ ಮಗನನ್ನು ಮುಳುಗಿಸುವುದು ದೇವರ ಚಿತ್ತವಾದರೆ ಆ ದೇವರ ಮುಂದೆ ಹೇಗೆ ಮೊಣಕಾಲೂರಲಿ? ನೀವು ಅಂದದ್ದಕ್ಕಿಂತ ನಮ್ಮ ಪಕ್ಕದ ಮನೆ ಅಜ್ಜಿ ಏನೂ ಅನ್ನದೆ ದಿನಾ ಗಂಜಿ ತಂದು ಕುಡಿಸಿದ್ದೇ ನನ್ನ ಉಳಿಸಿತು' ಎಂದಳು. ಸೆಮಿನರಿಯಲ್ಲಿ ಅಷ್ಟು ವರ್ಷ ಓದಿದ ನಮಗೆ ಆ ದಿನ ಉತ್ತರ ತೋಚಲಿಲ್ಲ. ಯೋಬನ ಮಿತ್ರರು ಏಳು ಹಗಲು ಏಳು ಇರುಳು ಮೌನವಾಗಿ ಅವನ ಬಳಿ ನೆಲದ ಮೇಲೆ ಕುಳಿತಿದ್ದರೆಂದು ಪವಿತ್ರ ಗ್ರಂಥ ಹೇಳುತ್ತದೆ. ಅವರು ತಪ್ಪಿದ್ದು ಬಾಯಿ ತೆರೆದ ಮೇಲೆ. ನಾವು ಏಳು ನಿಮಿಷವೂ ಸುಮ್ಮನಿರಲಿಲ್ಲ.

ಫ್ರಾಂಕ್ಲ್ ಅರ್ಥವನ್ನು ಕಂಡುದು ತಮ್ಮ ಕಷ್ಟದಲ್ಲಿ. ನಾವು ಅರ್ಥ ಹೇಳಹೊರಟದ್ದು ಇನ್ನೊಬ್ಬರ ಕಷ್ಟಕ್ಕೆ. ಈ ಅಂತರ ಬಹು ದೊಡ್ಡದು. ಮಕ್ಕಳನ್ನು ಅಥವಾ ಬಾಳ ಸಂಗಾತಿಯನ್ನು ಅಕಸ್ಮಾತ್ತಾಗಿ ಕಳೆದುಕೊಂಡವರನ್ನು ಕುರಿತು ಅಮೆರಿಕದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು, ಅರ್ಥವನ್ನು ಹುಡುಕದೆಯೇ ಚೇತರಿಸಿಕೊಂಡವರು ಅನೇಕರಿದ್ದರೆಂದೂ, ಹುಡುಕಿ ಕಾಣದೆ ಹೋದವರೇ ಹೆಚ್ಚು ಬಳಲಿದರೆಂದೂ ತೋರಿಸಿತು. ಆದುದರಿಂದ 'ಅರ್ಥವನ್ನು ಹುಡುಕು' ಎಂದು ನೊಂದವರನ್ನು ಒತ್ತಾಯಿಸುವುದೂ ಹೊರೆಯ ಮೇಲೆ ಹೊರೆಯಾದೀತು.

ಸಂಶೋಧಕ ಮಿತ್ರರೇ, ತಮ್ಮ ಕೈಯಲ್ಲಿ ಪ್ರಶ್ನಾವಳಿಗಳಿವೆ. ಬಾಳಿನಲ್ಲಿ ಅರ್ಥವಿದೆಯೆಂಬ ಭಾವವನ್ನೂ ಅರ್ಥದ ಹುಡುಕಾಟವನ್ನೂ ಬೇರೆ ಬೇರೆಯಾಗಿ ಅಳೆಯುವ ಹತ್ತು ವಾಕ್ಯಗಳ ಪ್ರಶ್ನಾವಳಿಯೊಂದು 2006ರಿಂದ ಬಳಕೆಯಲ್ಲಿದೆಯೆಂದು ತಾವೇ ನಮಗೆ ತಿಳಿಸಿದಿರಿ. ಅಳತೆ ಬೇಕು, ಅಳೆಯದೆ ಯಾವ ಚಿಕಿತ್ಸೆ ಫಲಿಸುತ್ತದೆಂದು ತಿಳಿಯುವುದು ಕಷ್ಟ. ದುರಂತವಾದ ಕೂಡಲೇ ನೊಂದವರನ್ನು ಕೂರಿಸಿಕೊಂಡು ನಡೆದುದನ್ನೆಲ್ಲ ಒಮ್ಮೆಗೇ ಹೇಳಿಸುವ ಪದ್ಧತಿಯು ಹಿತಕರವೆಂದು ಒಂದು ಕಾಲಕ್ಕೆ ಬಹುಮಂದಿ ನಂಬಿದ್ದರು. ಪರೀಕ್ಷಿಸಿ ನೋಡಿದ ಮೇಲೆ ಅದು ಮುಂದಿನ ವ್ಯಾಧಿಯನ್ನು ತಡೆಯುವುದಿಲ್ಲವೆಂದು ತಿಳಿದುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯು ನೋಡುವುದು, ಆಲಿಸುವುದು, ತಕ್ಕ ನೆರವಿನೊಡನೆ ಜೋಡಿಸುವುದು ಎಂಬ ಮೂರನ್ನೇ ಹೇಳುತ್ತದೆ. ಆ ಅಜ್ಜಿ ಯಾವ ಕೈಪಿಡಿಯನ್ನೂ ಓದದೆ ಮಾಡಿದ್ದು ಇದರ ಮೊದಲ ಪಾಠವನ್ನೇ.

ನಮ್ಮ ಜನ 'ನನಗೆ ಮಾನಸಿಕ ಆಘಾತವಾಗಿದೆ' ಎನ್ನುವುದಿಲ್ಲ. 'ಎದೆ ಭಾರ', 'ಊಟ ಸೇರುವುದಿಲ್ಲ', 'ಕಣ್ಣಿಗೆ ನಿದ್ದೆ ಹತ್ತುವುದಿಲ್ಲ' ಎನ್ನುತ್ತಾರೆ. ಅವರ ಮಾತಿನಲ್ಲೇ ಅವರನ್ನು ಕೇಳಿರಿ. ಹೇಳಲಾರೆನೆಂದವರನ್ನು ಬಿಟ್ಟುಬಿಡಿರಿ. ಪ್ರಬಂಧ ಮುಗಿದ ಮೇಲೆಯೂ ಒಮ್ಮೆ ಅವರ ಹೊಸ್ತಿಲಿಗೆ ಹೋಗಿಬನ್ನಿರಿ.

ಧರ್ಮಕೇಂದ್ರದ ಬಂಧುಗಳಲ್ಲಿಯೂ ಒಂದು ಬಿನ್ನಹ. ಸಾವಿನ ಮನೆಗೆ ಮೊದಲ ಮೂರು ದಿನ ಊರೆಲ್ಲ ಬರುತ್ತದೆ. ಮೂರನೆಯ ತಿಂಗಳು ಯಾರೂ ಇರುವುದಿಲ್ಲ. ಆಗ ಹೋಗಿರಿ. ನಿದ್ರೆ, ಆಹಾರ ಬಿಟ್ಟು ಬಾಳೇ ಬೇಡವೆನ್ನುವವರನ್ನು ಪ್ರಾರ್ಥನೆಯ ಜೊತೆಗೆ ವೈದ್ಯರಲ್ಲಿಗೂ ಕರೆದೊಯ್ಯಿರಿ. 2022ರಲ್ಲಿ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆಮಾಡಿದರೆ ಹಗಲಿರುಳೂ ನೆರವು ದೊರೆಯುತ್ತದೆ. ಈ ಸಂಖ್ಯೆಯನ್ನು ದೇವಾಲಯದ ಬಾಗಿಲಲ್ಲಿ ಬರೆಯಿಸಿದ್ದೇವೆ.

ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ಈ ಹೊತ್ತಿನಲ್ಲಿ, ಮರಣದ ದಫ್ತರದ ಪಕ್ಕದಲ್ಲಿ ಇನ್ನೊಂದು ಪುಸ್ತಕವನ್ನಿಡಲು ನಿಶ್ಚಯಿಸಿದ್ದೇವೆ. ಶೋಕದ ಮನೆಗೆ ಯಾರು, ಯಾವಾಗ ಹೋಗಿಬಂದರೆಂಬುದನ್ನು ಮಾತ್ರ ಅದರಲ್ಲಿ ಬರೆಯತಕ್ಕದ್ದು. ಮನೆಯವರ ದುಃಖವನ್ನು ಬರೆಯತಕ್ಕದ್ದಲ್ಲ. ಅದರ ಮೊದಲ ಸಾಲಿನಲ್ಲಿ ನಮ್ಮ ಹೆಸರಿರಲಿ ಎಂದು ಆಶಿಸುತ್ತ, ತಮ್ಮ ಸಂಶೋಧನೆಯು ಫಲಪ್ರದವಾಗಲೆಂದು ಹರಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.