ಗಜೇಂದ್ರಗಡದ ಕರಾರು, ಸ್ಯಾನ್‌ಫ್ರಾನ್ಸಿಸ್ಕೋದ ಸನ್ನದು



ಇತಿಹಾಸದ ಸಮಾವೇಶದಲ್ಲಿ ವಿಶ್ವಸಂಸ್ಥೆಯ ಸನ್ನದಿನ ಮಾತು ಯಾಕೆ ಎಂದು ಕೆಲವರಿಗೆ ಅನಿಸಿರಬಹುದು. ನಾವು ಕೂತ ಊರೇ ಒಂದು ಕರಾರಿನ ಊರು, ಅದಕ್ಕೆ.

1785ರಲ್ಲಿ ಟಿಪ್ಪುವಿನ ದಂಡು ನರಗುಂದಕ್ಕೆ ಮುತ್ತಿಗೆ ಹಾಕಿತು. ಜಗಳ ಕಪ್ಪದ್ದು. ಅಪ್ಪ ಹೈದರನ ಕಾಲಕ್ಕಿಂತ ಹೆಚ್ಚು ಕೇಳಿದರು, ನರಗುಂದದ ಅರಸ ವೆಂಕಟರಾವ್ ಭಾವೆ ಒಲ್ಲೆ ಅಂದರು. ಕೋಟೆ ಬಿತ್ತು. ಪುಣೆಯ ಪೇಶ್ವೆ ಮತ್ತು ಹೈದರಾಬಾದಿನ ನಿಜಾಮನ ಸೈನ್ಯಗಳು ಕೂಡಿ ಟಿಪ್ಪುವಿನ ಮೇಲೆ ಇಳಿದವು, ಮರುವರ್ಷ ಬಾದಾಮಿ ಮರಾಠರ ಕೈಸೇರಿತು. 1787ರಲ್ಲಿ ಇದೇ ಗಜೇಂದ್ರಗಡದ ಹೆಸರಿನ ಒಪ್ಪಂದವಾಯಿತು. ನರಗುಂದ, ಕಿತ್ತೂರು, ಬಾದಾಮಿ ಮರಾಠರಿಗೆ, ಅದವಾನಿ ನಿಜಾಮನಿಗೆ, ಬಾಕಿ ಕಪ್ಪ ಲಕ್ಷಗಟ್ಟಲೆ. ಮೂರು ವರ್ಷ ತಾಳಿತು, ಅಷ್ಟೇ. 1790ರಲ್ಲಿ ಅದೇ ಪೇಶ್ವೆ, ಅದೇ ನಿಜಾಮ ಇಂಗ್ಲಿಷರ ಬೆನ್ನಿಗೆ ನಿಂತು ಟಿಪ್ಪುವಿನ ಮೇಲೆ ಯುದ್ಧಕ್ಕೆ ಹೋದರು. ಊರು ಯಾರಿಗೆ, ಹಣ ಎಷ್ಟು ಎಂಬುದೆಲ್ಲ ಕರಾರಿನಲ್ಲಿತ್ತು. ಮಾತು ತಪ್ಪಿದವನನ್ನು ನಿಲ್ಲಿಸಿ ಕೇಳುವ ಮೂರನೆಯವರು ಮಾತ್ರ ಇರಲಿಲ್ಲ.

ಆ ಮೂರನೆಯವರನ್ನು ಹುಟ್ಟಿಸುವ ಪ್ರಯತ್ನವೇ 1945ರ ಜೂನ್ 26ರ ಸನ್ನದು. 111 ಕಲಮುಗಳು. ಅಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 50 ದೇಶಗಳು ರುಜು ಹಾಕಿದವು, ಪೋಲೆಂಡ್ ಆಮೇಲೆ ಸೇರಿತು. ಇನ್ನೂ ಪರರ ಆಳ್ವಿಕೆಯಲ್ಲಿದ್ದ ಭಾರತದ ಪರವಾಗಿ ರುಜು ಹಾಕಿದವರಲ್ಲಿ ಒಬ್ಬರು ಸರ್ ಎ. ರಾಮಸ್ವಾಮಿ ಮುದಲಿಯಾರ್. ಮರುವರ್ಷ ಅವರೇ ಮೈಸೂರಿನ ದಿವಾನರಾದರು, ಕೊನೆಯ ದಿವಾನರೂ ಆದರು. ಸ್ವಾತಂತ್ರ್ಯವಿಲ್ಲದ ದೇಶವೊಂದು ಲೋಕದ ಸ್ವಾತಂತ್ರ್ಯಕ್ಕೆ ಜಾಮೀನು ನಿಂತ ಈ ವಿಚಿತ್ರವನ್ನು ನಮ್ಮ ಶಾಲೆಯ ಪುಸ್ತಕಗಳು ಹೇಳುವುದು ಕಡಿಮೆ.

ಸನ್ನದಿನ 33ನೆಯ ಕಲಮು ಜಗಳಗಂಟರಿಗೆ ಮೊದಲು ಮಾತುಕತೆ, ವಿಚಾರಣೆ, ಮಧ್ಯಸ್ಥಿಕೆ, ಪಂಚಾಯಿತಿ, ನ್ಯಾಯಾಲಯ ಎನ್ನುತ್ತದೆ. ನಮ್ಮ ಊರ ಹಿರಿಯರಿಗೆ ಹೊಸದೇನಲ್ಲ. ಹೊಸದು ಏಳನೆಯ ಅಧ್ಯಾಯ: ಕೇಳದಿದ್ದರೆ ದಿಗ್ಬಂಧನ, ಅದಕ್ಕೂ ಜಗ್ಗದಿದ್ದರೆ ಸೈನ್ಯ. ಆದರೆ ಕೀಲಿಕೈ ಭದ್ರತಾ ಮಂಡಳಿಯ ಐದು ಖಾಯಂ ಸದಸ್ಯರ ಕೈಯಲ್ಲಿ. ಒಬ್ಬರು ಬೇಡ ಅಂದರೆ ಮುಗಿಯಿತು, ಅದೇ ವೀಟೋ. 1950ರ ಜೂನ್‌ನಲ್ಲಿ ಕೊರಿಯಾ ಹೊತ್ತಿಕೊಂಡಾಗ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದವರು ಮಂಗಳೂರಿನ ಬೆನಗಲ್ ನರಸಿಂಗ ರಾವ್. ಅಂದು ಮಂಡಳಿ ಮುಂದಡಿ ಇಡಲು ಸಾಧ್ಯವಾದದ್ದು ಸೋವಿಯತ್ ಪ್ರತಿನಿಧಿ ಸಭೆಗೆ ಬಾರದೆ ಮುನಿಸಿಕೊಂಡು ಕೂತಿದ್ದರಿಂದ!

ನೀಲಿ ಟೋಪಿಯ ಶಾಂತಿಪಡೆಗೆ ಸನ್ನದಿನಲ್ಲಿ ಒಂದು ಕಲಮೂ ಇಲ್ಲ. ಬಿಕ್ಕಟ್ಟು ಬಂದಾಗ ಕಟ್ಟಿಕೊಂಡ ವ್ಯವಸ್ಥೆ ಅದು. ಕೊಡಗಿನ ಜನರಲ್ ತಿಮ್ಮಯ್ಯ ಸೈಪ್ರಸ್ಸಿನಲ್ಲಿ ಆ ಪಡೆಯ ದಂಡನಾಯಕರಾಗಿದ್ದರು, 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಬರೆದದ್ದಕ್ಕಿಂತ ಬರೆಯದ್ದೇ ಹೆಚ್ಚು ಜೀವ ಉಳಿಸಿತು ಎಂಬುದು ನನ್ನ ಲೆಕ್ಕ.

ತೀರ್ಪು ಜಾರಿಯಾಗದ ಸಂಕಟ ನರಗುಂದದವರಿಗೆ ಬಿಡಿಸಿ ಹೇಳಬೇಕಿಲ್ಲ. 2015ರ ಜುಲೈಯಿಂದ ರೈತರು ಮಹದಾಯಿ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗಾಗಿ ಧರಣಿ ಕೂತರು. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಾಧಿಕರಣ ತೀರ್ಪು ಕೊಟ್ಟಿತು. 2020ರಲ್ಲಿ ಅಧಿಸೂಚನೆಯೂ ಆಯಿತು. ಮಲಪ್ರಭೆಗೆ ನೀರು ಹರಿಯಲಿಲ್ಲ, ಅನುಮತಿಗಳ ಕಡತ ಮಾತ್ರ ಓಡಾಡಿತು. ಲೋಕದ ಮಟ್ಟದಲ್ಲೂ ಅದೇ ಕಥೆ: ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 1986ರಲ್ಲಿ ಅಮೆರಿಕದ ವಿರುದ್ಧ ನಿಕರಾಗುವಾ ಪರ ತೀರ್ಪಿತ್ತಾಗ, ಅದನ್ನು ಜಾರಿಗೆ ತರುವ ನಿರ್ಣಯಕ್ಕೆ ಅಡ್ಡ ಬಂದದ್ದೂ ಅಮೆರಿಕದ್ದೇ ವೀಟೋ.

ಈ ಸಮಾವೇಶದ ಮುಂದೆ ನನ್ನ ಬೇಡಿಕೆ ಒಂದೇ. ಗಜೇಂದ್ರಗಡದ ಒಪ್ಪಂದದ ಮರಾಠಿ, ಪಾರಸಿ ಕಾಗದಪತ್ರಗಳನ್ನು ಹುಡುಕಿ, ಕನ್ನಡಕ್ಕೆ ತಂದು, ವಿಶ್ವಸಂಸ್ಥೆಯ ಸನ್ನದಿನ ಜೊತೆ ಒಂದೇ ಪುಸ್ತಕವಾಗಿ ಅಚ್ಚು ಹಾಕಿಸೋಣ. ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲ್ಲೂಕಿನ ಕಾಲೇಜುಗಳ ಇತಿಹಾಸ ಅಧ್ಯಾಪಕರು ಇಂದು ಸಂಜೆಯೊಳಗೆ ಹೆಸರು ಕೊಡಬೇಕು.