ಮನೆಯ ಮುಂಬಾಗಿಲಿನ ಅಂದವೂ ಅನುಕೂಲವೂ



ಮನೆಯನ್ನು ಕಟ್ಟಿಸುವವರು ನಡುಮನೆಯ ಕುರ್ಚಿ ಮೇಜುಗಳನ್ನು ಕುರಿತು ತಿಂಗಳುಗಟ್ಟಲೆ ಆಲೋಚಿಸುವರು. ಅಡಿಗೆಮನೆಯ ಕಪಾಟುಗಳಿಗಾಗಿ ಹತ್ತು ಅಂಗಡಿಗಳನ್ನು ಸುತ್ತುವರು. ಆದರೆ ಬೀದಿಗೂ ಮನೆಗೂ ನಡುವೆ ಇರುವ ನಾಲ್ಕು ಮೊಳದ ಸ್ಥಳವನ್ನು ಕುರಿತು ಯೋಚಿಸುವವರು ವಿರಳ. ಬಂದವರ ಕಣ್ಣಿಗೆ ಮೊದಲು ಬೀಳುವುದು ಅದೇ. ದಣಿದು ಹಿಂತಿರುಗಿದ ನಮ್ಮನ್ನು ಮೊದಲು ಎದುರುಗೊಳ್ಳುವುದೂ ಅದೇ. ಆದುದರಿಂದ ಈ ದಿನ ಮುಂಬಾಗಿಲನ್ನೂ ಅದರ ಆಸುಪಾಸನ್ನೂ ಅಂದವಾಗಿಯೂ ಅನುಕೂಲವಾಗಿಯೂ ಇಟ್ಟುಕೊಳ್ಳುವ ಬಗೆಯನ್ನು ಕುರಿತು ಕೆಲವು ಮಾತುಗಳನ್ನು ತಮ್ಮಲ್ಲಿ ಅರಿಕೆಮಾಡಬೇಕೆಂದಿದ್ದೇವೆ.

ನಮ್ಮ ಹಿರಿಯರು ಅಂದವನ್ನೂ ಉಪಯೋಗವನ್ನೂ ಬೇರೆ ಬೇರೆಯೆಂದು ಎಣಿಸಿದವರಲ್ಲ. ಮನೆಯ ಮುಂದಿನ ಜಗಲಿಯೂ ಅದರ ಮೇಲಿನ ಇಳಿಮಾಡೂ ಮಳೆಬಿಸಿಲುಗಳನ್ನು ಗೋಡೆಯಿಂದ ದೂರವಿರಿಸಿ, ದಾರಿಹೋಕನಿಗೆ ಕುಳಿತುಕೊಳ್ಳಲು ಎಡೆಮಾಡಿಕೊಡುತ್ತಿದ್ದವು. ಹೊಸ್ತಿಲು ಬಾಗಿಲುವಾಡದ ಎರಡು ನಿಲುವುಗಳನ್ನೂ ಬಿಗಿಹಿಡಿದು, ನೀರೂ ಹುಳುಹುಪ್ಪಟೆಯೂ ಒಳನುಗ್ಗದಂತೆ ತಡೆಯುತ್ತಿದ್ದಿತು. ಅದಕ್ಕೆ ಅರಿಶಿನ ಕುಂಕುಮಗಳ ಮನ್ನಣೆ ಸಂದಿತು. ಅಂಗಳದ ಸಗಣಿಯ ಸಾರಣೆ ಧೂಳನ್ನು ಅಡಗಿಸಿದರೆ, ಅದರ ಮೇಲಿನ ಬಿಳಿಯ ರಂಗವಲ್ಲಿಯೂ ಕೆಮ್ಮಣ್ಣಿನ ಅಂಚೂ ಕಣ್ಣಿಗೆ ಹಬ್ಬವಾದವು. ಅಕ್ಕಿಯ ಹಿಟ್ಟಿನಲ್ಲಿ ಚುಕ್ಕೆಯಿಟ್ಟ ಮನೆಗಳಲ್ಲಿ ಇರುವೆ ಗುಬ್ಬಚ್ಚಿಗಳಿಗೂ ತುತ್ತು ದೊರೆಯುತ್ತಿದ್ದಿತು. ಬಾಗಿಲ ಪಕ್ಕದ ಗೂಡು ಹಣತೆಯನ್ನು ಗಾಳಿಯಿಂದ ಕಾಯುತ್ತಿದ್ದಿತು. ಹೊರಗಿರಿಸಿದ ಚೊಂಬಿನ ನೀರು, ಬಂದವರ ಕಾಲಿನ ಕೆಸರು ಒಳಗೆ ಬಾರದಂತೆ ನೋಡಿಕೊಳ್ಳುತ್ತಿದ್ದಿತು. ಒಂದೊಂದು ಅಲಂಕಾರದ ಹಿಂದೆಯೂ ಒಂದೊಂದು ಕೆಲಸವಿದ್ದಿತು.

ಕಾಲವು ಬದಲಾದಂತೆ ಬಾಗಿಲೂ ಬದಲಾಯಿತು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ಬಿಟ್ಟು ಜನರು ಗಾಳಿಬೆಳಕುಗಳುಳ್ಳ ಕಡೆಯಲ್ಲಿ ನೆಲಸಲೆಂದು ಬಸವನಗುಡಿ, ಮಲ್ಲೇಶ್ವರ ಎಂಬ ಬಡಾವಣೆಗಳು ರೂಪುಗೊಂಡವು. ಅಲ್ಲಿ ಮನೆಯು ಬೀದಿಯಿಂದ ಹಿಂದಕ್ಕೆ ಸರಿದು, ನಡುವೆ ಕೈತೋಟವೂ ಗೇಟೂ ಬಂದವು, ಜಗಲಿಯು ವರಾಂಡವಾಯಿತು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಸ್ಥಾಪಿಸಿದ ಕಾರ್ಖಾನೆಯಿಂದ ಮೊದಲಾದ ಹೆಂಚು ಮಾಡನ್ನು ಕೆಂಪಾಗಿಸಿತು. ಮರದ ಪಟ್ಟಿಗಳನ್ನು ಜೋಡಿಸಿ ಮೊನಚಾಗಿ ಇಳಿಬಿಟ್ಟ 'ಮಂಕಿ ಟಾಪ್' ಎಂಬ ಮರೆಯು ಬೆಂಗಳೂರಿನ ಬಂಗಲೆಗಳ ಗುರುತಾಯಿತು. ೧೯೦೫ರಲ್ಲಿ ಶಿವನಸಮುದ್ರದ ವಿದ್ಯುತ್ತು ನಗರಕ್ಕೆ ಬಂದಮೇಲೆ, ಗೂಡಿನ ಹಣತೆಯ ಕೆಲಸವನ್ನು ಬಲ್ಬು ಕ್ರಮೇಣ ವಹಿಸಿಕೊಂಡಿತು. ಇಂದಂತೂ ಅಂತಸ್ತಿನ ಮೇಲೆ ಅಂತಸ್ತು ಏರಿ, ಅನೇಕರ ಪಾಲಿಗೆ ವರಾಂಡವೂ ಇಲ್ಲವಾಗಿದೆ. ನಮ್ಮ ಬಾಗಿಲು ತೆರೆದರೆ ಎದುರುಮನೆಯವರ ಬಾಗಿಲು. ಹೀಗಿದ್ದರೂ ಹಿರಿಯರ ತತ್ತ್ವವನ್ನು ಮೂರಡಿಯ ಜಾಗದಲ್ಲಿಯೂ ನಡೆಸಬಹುದು.

ಮೊದಲು ನೆಲವನ್ನು ನೋಡೋಣ. ಕನ್ನಡಿಯಂತೆ ಹೊಳೆಯುವ ಕಲ್ಲನ್ನು ಮೆಟ್ಟಿಲಿಗೆ ಹಾಸುವುದು ಈಗಿನ ರೂಢಿ. ಒಣಗಿರುವಾಗ ಅದು ಸೊಗಸು. ಮಳೆಯ ನೀರು ಬಿದ್ದೊಡನೆ ಜಾರುಬಂಡೆ. ಹೊರಗಿನ ಮೆಟ್ಟಿಲಿಗೆ ಸಾದರಹಳ್ಳಿಯ ಬೂದುಬಣ್ಣದ ಕಲ್ಲನ್ನು ನಯಗೊಳಿಸದೆ ಒರಟಾಗಿಯೇ ಹಾಸುವುದು ಕ್ಷೇಮ. ಅದು ನೋಡಲೂ ಗಂಭೀರ. ಮೆಟ್ಟಿಲು ಆರು ಅಂಗುಲಕ್ಕಿಂತ ಬಹಳ ಎತ್ತರವಾಗಿರಬಾರದು. ಪಾದ ಪೂರ್ತಿ ಊರುವಂತೆ ಹನ್ನೊಂದು ಹನ್ನೆರಡು ಅಂಗುಲ ಅಗಲವಿರಬೇಕು. ಮುದುಕರಿರುವ ಮನೆಯಲ್ಲಿ ಹಿಡಿಕೋಲೊಂದು ಅವಶ್ಯ. ಗಾಲಿಕುರ್ಚಿಯವರು ಬರುವಂತಿದ್ದರೆ, ಒಂದು ಅಂಗುಲ ಎತ್ತರಕ್ಕೆ ಒಂದು ಅಡಿ ಉದ್ದದ ಲೆಕ್ಕದಲ್ಲಿ ಇಳಿಜಾರನ್ನು ಕಟ್ಟಿಸತಕ್ಕದ್ದು. ಎತ್ತರದ ಹೊಸ್ತಿಲು ವೃದ್ಧರ ಕಾಲಿಗೆ ಎಡರಾಗುವುದುಂಟು. ಅದನ್ನು ತಗ್ಗಿಸಿದರೆ ಲಕ್ಷ್ಮಿಯು ಮುನಿಯಳೆಂಬುದೇ ನಮ್ಮ ನಂಬಿಕೆ. ಬಾಗಿಲ ಹೊರಗೊಂದು ತೆಂಗಿನ ನಾರಿನ ಕಾಲೊರಸು, ಒಳಗೊಂದು ಬಟ್ಟೆಯದು, ಹೀಗೆ ಎರಡಿದ್ದರೆ ಕಸಬರಿಕೆಯ ಕೆಲಸ ಅರ್ಧವಾಗುವುದು.

ಎರಡನೆಯದು ಪಾದರಕ್ಷೆಗಳ ಸಮಸ್ಯೆ. ಎಂತಹ ಸುಂದರವಾದ ಬಾಗಿಲಿದ್ದರೂ, ಅದರ ಮುಂದೆ ಹದಿನಾರು ಚಪ್ಪಲಿಗಳು ಹದಿನಾರು ದಿಕ್ಕಿಗೆ ಮುಖಮಾಡಿ ಬಿದ್ದಿದ್ದರೆ ಆ ಸೌಂದರ್ಯವನ್ನು ಕಾಣುವವರಾರು? ಹದಿನೇಳು ಹದಿನೆಂಟು ಅಂಗುಲ ಎತ್ತರದ, ಒಂದಡಿಗಿಂತ ತುಸು ಹೆಚ್ಚು ಅಗಲದ ಮರದ ಪೀಠವನ್ನು ಮಾಡಿಸಿ, ಅದರ ಕೆಳಗೆ ಎರಡು ತಟ್ಟುಗಳನ್ನು ಜೋಡಿಸಿದರೆ, ಒಳಗೆ ಪಾದರಕ್ಷೆ, ಮೇಲೆ ಕೂರಲು ಎಡೆ. ತಟ್ಟುಗಳು ಪಟ್ಟಿಗಳದಾಗಿದ್ದರೆ ಗಾಳಿಯಾಡಿ ವಾಸನೆ ನಿಲ್ಲದು. ಗೋಡೆಗೆ ನಾಲ್ಕು ಗೂಟಗಳು, ಮಕ್ಕಳ ಕೈಗೆಟಕುವಂತೆ ತಗ್ಗಿನಲ್ಲಿ ಎರಡು, ಒದ್ದೆ ಕೊಡೆಗೊಂದು ಮಣ್ಣಿನ ಹೂಜಿ, ಬೀಗದ ಕೈಗೊಂದು ಮೊಳೆ: ಇಷ್ಟಿದ್ದರೆ ಬೆಳಗಿನ ಗಡಿಬಿಡಿ ಎಷ್ಟೋ ಕಡಮೆಯಾದೀತು. ಆದರೆ ಸಮುಚ್ಚಯದ ಮನೆಗಳವರು ಇವೆಲ್ಲವನ್ನೂ ಬಾಗಿಲ ಒಳಗೆಯೇ ಇರಿಸಬೇಕು. ಹೊರಗಿನ ಓಣಿಯು ಎಲ್ಲರಿಗೂ ಸೇರಿದ್ದು. ಬೆಂಕಿ ಹತ್ತಿದ ಗಳಿಗೆಯಲ್ಲಿ, ಹೊಗೆಯ ನಡುವೆ, ಅದೊಂದೇ ಪ್ರಾಣ ಉಳಿಸುವ ದಾರಿ.

ಮೂರನೆಯದು ಬೆಳಕು. ದೀಪವು ಬಂದವರ ಬೆನ್ನ ಹಿಂದಿದ್ದರೆ ಅವರ ಮುಖ ಕತ್ತಲಾಗುವುದು. ಬಾಗಿಲ ಪಕ್ಕದಲ್ಲಿ, ತಲೆಯಿಂದ ತುಸು ಮೇಲೆ, ಮುಖವೂ ಬೀಗದ ಕಂಡಿಯೂ ಮೊದಲ ಮೆಟ್ಟಿಲೂ ಕಾಣುವಂತೆ ಹಳದಿ ಛಾಯೆಯ ಎಲ್.ಇ.ಡಿ. ದೀಪವೊಂದಿದ್ದರೆ ಸಾಕು. ಹಳೆಯ ಮನೆಯಲ್ಲಿ ದೀಪದ ಗೂಡು ಉಳಿದಿದ್ದರೆ ಅದನ್ನು ಗಾರೆಯಿಂದ ಮುಚ್ಚಬೇಡಿ. ಆ ದೀಪಕ್ಕೆ ಅದೇ ಹದವಾದ ಮನೆ.

ಇನ್ನು ಅಲಂಕಾರ. ಪ್ಲಾಸ್ಟಿಕ್ಕಿನ ತೋರಣವು ವರ್ಷವಿಡೀ ಹಸುರಾಗಿರುವುದು ನಿಜ. ವರ್ಷದ ಧೂಳೂ ಅದರ ಮೇಲೆಯೇ ಇರುವುದು. ಹಬ್ಬದ ದಿನ ಕಟ್ಟಿದ ಮಾವಿನೆಲೆ ನಾಲ್ಕು ದಿನಕ್ಕೆ ಒಣಗುವುದರಿಂದಲೇ ಮುಂದಿನ ಹಬ್ಬಕ್ಕೆ ಮತ್ತೆ ಬಾಗಿಲ ಕಡೆ ನೋಡುವಂತಾಗುವುದು. ಅಂಟಿಸುವ ರಂಗೋಲಿಗಿಂತ ಮನೆಯ ಮಗುವು ಎಳೆದ ಐದು ಚುಕ್ಕೆಯ ಸೊಟ್ಟ ರಂಗೋಲಿ ಮೇಲು. ಉರುಳಿಯಲ್ಲಿ ಹೂವನ್ನು ತೇಲಿಬಿಡುವವರು ನೀರನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಪಾತ್ರೆಯನ್ನು ಉಜ್ಜಬೇಕು; ಇಲ್ಲವಾದರೆ ಡೆಂಗ್ಯೂ ಹರಡುವ ಸೊಳ್ಳೆಗೆ ನಾವೇ ತೊಟ್ಟಿಲು ಕಟ್ಟಿದಂತೆ. ತುಳಸಿಗೆ ಬಿಸಿಲು ಬೇಕು. ಕತ್ತಲೆಯ ಓಣಿಯಲ್ಲಿ ಅದನ್ನಿರಿಸಿ ಒಣಗಿಸುವುದಕ್ಕಿಂತ, ಬಿಸಿಲು ಬೀಳುವ ಕಿಟಕಿಗೆ ಒಯ್ಯುವುದೇ ಭಕ್ತಿ.

ಇಷ್ಟು ಹೇಳಿದಮೇಲೆ ಒಂದು ವಿಷಯವನ್ನು ಮರೆಮಾಚುವುದು ಸಲ್ಲದು. ಹಳೆಯ ಜಗಲಿಯನ್ನು ಹೊಗಳುವಾಗ ಅದರ ಮೇಲೆ ಕುಳಿತವರನ್ನು ಮಾತ್ರ ನೆನೆದರೆ ಸಾಲದು. ಅದರ ಕೆಳಗೆ ನಿಲ್ಲಿಸಲ್ಪಟ್ಟವರನ್ನೂ ನೆನೆಯಬೇಕು. ಜಾತಿಯನ್ನು ನೋಡಿ ಒಬ್ಬರಿಗೆ ನಡುಮನೆ, ಒಬ್ಬರಿಗೆ ಜಗಲಿ, ಒಬ್ಬರಿಗೆ ಅಂಗಳದ ಬಿಸಿಲು ಎಂದು ವಿಂಗಡಿಸಿದ್ದೂ ಇದೇ ಬಾಗಿಲು. ಬಾಯಾರಿದವನ ಬೊಗಸೆಗೆ ಎತ್ತರದಿಂದ ನೀರು ಹೊಯ್ದದ್ದೂ ಇಲ್ಲಿಯೇ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ ೧೭ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಆದರೂ ಇಂದಿನ ಕೆಲವು ಸಮುಚ್ಚಯಗಳಲ್ಲಿ ಮನೆಗೆಲಸದವರಿಗೆ ಬೇರೆ ಲಿಫ್ಟು. ಐದು ಅಂತಸ್ತು ಹತ್ತಿ ಸಾಮಾನು ತಂದ ಹುಡುಗನಿಗೆ ಹೊರಗೇ ನಿಲುಗಡೆ. ಹಿರಿಯರ ಬಾಗಿಲಿನಿಂದ ನಾವು ರಂಗೋಲಿಯನ್ನು ಉಳಿಸಿಕೊಳ್ಳೋಣ, ತೋರಣವನ್ನು ಉಳಿಸಿಕೊಳ್ಳೋಣ; ಈ ವಿಂಗಡಣೆಯನ್ನು ಉಳಿಸಿಕೊಳ್ಳುವುದು ಬೇಡ.

ನಾವು ಮೇಲೆ ಹೇಳಿದ ಪೀಠವನ್ನು ಮಾಡಿಸುವಾಗ, ಅದು ಮನೆಯವರ ಕಾಲುಚೀಲ ತೊಡುವುದಕ್ಕೆ ಮಾತ್ರವೆಂದು ಭಾವಿಸಬಾರದು. ಅಂಚೆಯವರು, ನಲ್ಲಿ ರಿಪೇರಿಗೆ ಬಂದವರು, ಪಾತ್ರೆ ತೊಳೆಯಲು ಬಂದ ಅಮ್ಮ, ಯಾರೇ ಆಗಲಿ, ಎರಡು ನಿಮಿಷ ಕಾಯಬೇಕಾದರೆ ಕುಳಿತು ಕಾಯಲಿ. ಅದರ ಪಕ್ಕದಲ್ಲಿ ಒಂದು ಹೂಜಿ ನೀರೂ, ಮನೆಯವರು ಕುಡಿಯುವಂತಹುದೇ ಒಂದು ಲೋಟವೂ ಇರಲಿ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ತಾವು ಈ ಸಂಜೆ ಒಮ್ಮೆ ಬಾಗಿಲನ್ನು ಮುಚ್ಚಿಕೊಂಡು ಹೊರಗೆ, ಬಂದವರು ನಿಲ್ಲುವ ಸ್ಥಳದಲ್ಲಿ, ಎರಡು ನಿಮಿಷ ನಿಂತು ನೋಡಬೇಕೆಂದು ಪ್ರಾರ್ಥಿಸುತ್ತೇವೆ. ಕಾಲಿಗೆ ಎಡರುವುದು ಯಾವುದು, ಕಣ್ಣಿಗೆ ಕಾಣದ್ದು ಯಾವುದು, ಕೂರಲು ಎಡೆಯುಂಟೇ ಇಲ್ಲವೇ ಎಂಬುದು ಅಲ್ಲಿಂದ ತಾನಾಗಿ ತಿಳಿಯುವುದು. ಮೊದಲು ಅದನ್ನು ಸರಿಪಡಿಸಿ. ತೋರಣವನ್ನು ಆಮೇಲೆ ಕಟ್ಟಬಹುದು.